ಬೀಗ ಹಾಕಬೇಕಾದ್ದು ಬೀದಿಯಲ್ಲಿ, ಬೀದಿಗೆ ಬರಬೇಕಾದ್ದು ಪೆಟ್ಟಿಗೆಯಲ್ಲಿ: ಸಂಗೀತ ಸಭೆಗಳ ಡೇಟಾ ಕತೆ

ನಿಮ್ಮ ಬಡಾವಣೆಯ ಸಂಗೀತ ಸಭೆಯ ಕಾರ್ಯದರ್ಶಿಯವರಿಗೆ ಎರಡು ಪ್ರಶ್ನೆ ಕೇಳಿ ನೋಡಿ. ಒಂದು, ಈ ಸಲದ ರಾಮನವಮಿ ಕಛೇರಿಗಳಿಗೆ ದೇಣಿಗೆ ಕೊಟ್ಟವರ ಹೆಸರು, ಫೋನ್ ನಂಬರು ಎಲ್ಲಿದೆ? ಎರಡು, 1978ರಲ್ಲಿ ಇದೇ ವೇದಿಕೆ ಮೇಲೆ ಮೃದಂಗ ನುಡಿಸಿದವರು ಯಾರ್ಯಾರು?

ಮೊದಲನೆಯದಕ್ಕೆ ಉತ್ತರ ಅರ್ಧ ನಿಮಿಷದಲ್ಲಿ ವಾಟ್ಸ್ಆ್ಯಪ್‌ಗೆ ಬಂದು ಬೀಳಬಹುದು. ಒಂದು ಎಕ್ಸೆಲ್ ಫೈಲು, ಅದರಲ್ಲಿ ದಾನಿಗಳ ವಿಳಾಸ, ಪ್ಯಾನ್ ನಂಬರು ಎಲ್ಲವೂ. ನೀವು ಯಾರು, ನಿಮಗ್ಯಾಕೆ ಬೇಕು ಅಂತ ಯಾರೂ ವಿಚಾರಿಸಲ್ಲ. ಎರಡನೇ ಪ್ರಶ್ನೆಗೆ ಸಿಗೋ ಉತ್ತರ ಬೇರೆ: ಅದೆಲ್ಲ ಹಳೇ ಪುಸ್ತಕದಲ್ಲಿದೆ, ಆ ಪುಸ್ತಕ ಹಿಂದಿನ ಕಾರ್ಯದರ್ಶಿಗಳ ಮನೆಯ ಅಟ್ಟದಲ್ಲಿದೆ, ಅವರು ಈಗ ಮಗಳ ಜೊತೆ ಪುಣೆಯಲ್ಲಿದ್ದಾರೆ.

ಬೀಗ ಹಾಕಿ ಇಡಬೇಕಾದ ಮಾಹಿತಿ ಬೀದಿಯಲ್ಲಿ ಓಡಾಡ್ತಿದೆ. ಎಲ್ಲರ ಕಣ್ಣಿಗೂ ಬೀಳಬೇಕಾದ ಇತಿಹಾಸ ಪೆಟ್ಟಿಗೆಯೊಳಗಿದೆ. ನಮ್ಮ ಸಣ್ಣ ಸಣ್ಣ ಸಂಗೀತ ಸಭೆಗಳ ಡೇಟಾ ಸಮಸ್ಯೆ ಅಂದ್ರೆ ಇಷ್ಟೇ. ಇದನ್ನು ಸರಿಪಡಿಸಿಕೊಳ್ಳೋಕೆ ಸಿಕ್ಕಿರುವ ಸಮಯವೂ ಕಡಿಮೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಅಧಿಸೂಚನೆಯಾದವು. ಮುಖ್ಯ ಹೊಣೆಗಾರಿಕೆಗಳು ಜಾರಿಗೆ ಬರೋಕೆ ನಿಯಮಗಳು ಕೊಟ್ಟಿರುವ ಅವಧಿ 18 ತಿಂಗಳು. ಲೆಕ್ಕ ಹಾಕಿದರೆ 2027ರ ಮೇ.

ಒಂದೇ ಪುಸ್ತಕ, ಎರಡು ಥರದ ಮಾಹಿತಿ

ನಾನು ಓದಿದ್ದು ಎಂಜಿನಿಯರಿಂಗ್, ಹೊಟ್ಟೆಪಾಡು ಪತ್ರಿಕೋದ್ಯಮ. ಹೀಗಾಗಿ ಪರಿಚಯದವರ ವಲಯದಲ್ಲಿ 'ಒಂದು ಸಣ್ಣ ವೆಬ್ ಆ್ಯಪ್ ಮಾಡಿಕೊಡ್ತೀಯಾ' ಅನ್ನೋ ಕೋರಿಕೆ ಆಗಾಗ ನನ್ನ ಪಾಲಿಗೆ ಬರುತ್ತೆ. ಲಾಭದ ಉದ್ದೇಶವಿಲ್ಲದ, ವರ್ಷಕ್ಕೊಂದು ಕಛೇರಿ ಸರಣಿ ನಡೆಸುವ ಒಂದು ಸಭೆಗೆ ಇತ್ತೀಚೆಗೆ ಇಬ್ಬರು ಗೆಳೆಯರ ಜೊತೆ ಸೇರಿ ಇಂಥದ್ದೊಂದನ್ನು ಕಟ್ಟಿದೆ. ಸಭೆಯ ಹೆಸರು ಇಲ್ಲಿ ಬೇಡ. ಅಲ್ಲಿ ಕಂಡದ್ದು ಆ ಸಭೆಯೊಂದರ ಕತೆಯಂತೂ ಅಲ್ಲ.

ಕಾರ್ಯದರ್ಶಿಗಳು ಎಪ್ಪತ್ತು ದಾಟಿದವರು. ಬ್ಯಾಂಕಿನಿಂದ ನಿವೃತ್ತರು. "ನೋಡಪ್ಪ, ನಂಗೆ ಆ್ಯಪೂ ಬೇಡ ಗೀಪೂ ಬೇಡ, ಮಾರ್ಚ್ ಬಂದ್ರೆ ಆಡಿಟರ್ ಪ್ರಾಣ ತೆಗೀತಾರೆ, ಅದೊಂದು ತಪ್ಪಿಸು ಸಾಕು" ಅಂದ್ರು. ಅವರ ಬೇಡಿಕೆ ಇದ್ದದ್ದು ಅಷ್ಟೇ. ಆದರೆ ಅವರ ಮೇಜಿನ ಮೇಲಿದ್ದದ್ದನ್ನು ಬಿಡಿಸಿ ನೋಡಿದಾಗ ಕೆಲಸ ಬೇರೆಯೇ ಇತ್ತು. ಒಂದೇ ಉದ್ದನೆಯ ರಿಜಿಸ್ಟರ್‌ನಲ್ಲಿ ಸದಸ್ಯರ ಚಂದಾ, ಕಲಾವಿದರ ಸಂಭಾವನೆ, ಶಾಮಿಯಾನದವರ ಮುಂಗಡ, ಯಾವ ದಿನ ಯಾರು ಹಾಡಿದರು, ಪಕ್ಕವಾದ್ಯದಲ್ಲಿ ಯಾರಿದ್ದರು, ಮಕ್ಕಳ ಸಂಗೀತ ಸ್ಪರ್ಧೆಗೆ ಬಂದವರ ಹುಟ್ಟಿದ ತಾರೀಖು, ಎಲ್ಲವೂ ಒಟ್ಟಿಗೆ.

ಇದನ್ನು ವಿಂಗಡಿಸುತ್ತಾ ಹೋದರೆ ಎರಡು ರಾಶಿ ಆಗುತ್ತೆ. ಮೊದಲನೆಯದು ಖಾಸಗಿ ರಾಶಿ. ದಾನಿಯ ಪ್ಯಾನ್, ಸದಸ್ಯರ ಮನೆ ವಿಳಾಸ, ಕಲಾವಿದರ ಬ್ಯಾಂಕ್ ಖಾತೆ, ಮಕ್ಕಳ ವಿವರ. ಇದು ಕೆಲವೇ ಜನ ನೋಡಬೇಕಾದದ್ದು, ಕೆಲಸ ಮುಗಿದ ಮೇಲೆ ಅಳಿಸಬೇಕಾದದ್ದು. ಎರಡನೆಯದು ಸಾರ್ವಜನಿಕ ರಾಶಿ. ಯಾವ ವರ್ಷ, ಯಾವ ದಿನ, ಯಾರು, ಯಾವ ವಾದ್ಯ, ಯಾವ ರಾಗ, ಯಾವ ಕೃತಿ. ಇದನ್ನು ಎಂದೂ ಅಳಿಸಬಾರದು, ಯಾರು ಬೇಕಾದರೂ ನೋಡುವಂತಿರಬೇಕು. ಸಭೆಗೆ ಆ್ಯಪ್ ಕಟ್ಟೋದು ಅಂದ್ರೆ ಮೊದಲು ಈ ಎರಡರ ನಡುವೆ ಗೋಡೆ ಕಟ್ಟೋದು. ಉಳಿದದ್ದೆಲ್ಲ ಪರದೆಯ ಬಣ್ಣ, ಬಟನ್‌ಗಳ ಜಾಗ.

ಚೌಡಯ್ಯನವರು ಎಷ್ಟು ಜನ?

ಸಾರ್ವಜನಿಕ ರಾಶಿ ಸುಲಭ ಅಂದುಕೊಂಡರೆ ಅದೂ ಇಲ್ಲ. ಏಳು ತಂತಿಯ ಪಿಟೀಲಿಗೆ ಹೆಸರಾದ ಟಿ. ಚೌಡಯ್ಯನವರನ್ನೇ ತೆಗೆದುಕೊಳ್ಳಿ. ಹಳೆಯ ಆಮಂತ್ರಣ ಪತ್ರಿಕೆಗಳಲ್ಲಿ ಅವರು 'ಪಿಟೀಲು ಚೌಡಯ್ಯ', 'ಮೈಸೂರು ಚೌಡಯ್ಯ', 'ತಿರುಮಕೂಡಲು ಚೌಡಯ್ಯ', 'ಟಿ. ಚೌಡಯ್ಯ' ಎಂದೆಲ್ಲ ಇರಬಹುದು. ನಮಗೆ ಗೊತ್ತು, ಎಲ್ಲರೂ ಒಬ್ಬರೇ ಅಂತ. ಕಂಪ್ಯೂಟರ್‌ಗೆ ಅದು ನಾಲ್ಕು ಜನ. 'ಚೌಡಯ್ಯನವರು ಇಲ್ಲಿ ಎಷ್ಟು ಸಲ ನುಡಿಸಿದ್ದಾರೆ' ಅಂತ ಕೇಳಿದರೆ ತಪ್ಪು ಲೆಕ್ಕ ಕೊಡುತ್ತೆ. ಚೌಡಯ್ಯನವರಷ್ಟು ಹೆಸರಾಗದ ಕಲಾವಿದರ ಪಾಡು ಇನ್ನೂ ಕಷ್ಟ. 'ಶಾಸ್ತ್ರಿ', 'ಶಾಸ್ತ್ರೀ', 'ಶಾಸ್ತ್ರಿಗಳು' ಮೂವರಾದರೆ ಆ ಮೂವರಲ್ಲಿ ಯಾರೂ ಯಾರ ನೆನಪಲ್ಲೂ ಉಳಿಯಲ್ಲ.

ಪರಿಹಾರ ಹಳೆಯದೇ. ವ್ಯಕ್ತಿಗೊಂದು ಸಂಖ್ಯೆ, ಆ ಸಂಖ್ಯೆಗೆ ಎಷ್ಟು ಹೆಸರು ಬೇಕಾದರೂ ಸೇರಿಸಬಹುದು. ರಾಗಕ್ಕೂ ಹಾಗೇ. ಕಾಂಭೋಜಿ, ಕಾಂಬೋಧಿ ಎರಡೂ ಒಂದೇ ರಾಗದ ಕೆಳಗೆ ಬರಬೇಕು. ಆದರೆ ಯಾವ ಎರಡು ಹೆಸರು ಒಬ್ಬರದ್ದೇ ಅಂತ ಹೇಳೋಕೆ ಪ್ರೋಗ್ರಾಮರ್‌ಗೆ ಆಗಲ್ಲ. ಮೂವತ್ತು ವರ್ಷ ಮುಂದಿನ ಸಾಲಲ್ಲಿ ಕೂತು ಕೇಳಿದವರು ಹೇಳಬೇಕು. ನಾವು ಕೋಡ್ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಹಿರಿಯ ರಸಿಕರ ಎದುರು ಕೂತು 'ಇವರು ಅವರೇನಾ' ಅಂತ ಕೇಳಿದ್ದೇ ಬಂತು. ಅವರಲ್ಲಿ ಕೆಲವರಿಗೆ ಎಂಬತ್ತಾಗಿದೆ. ಈ ಕೆಲಸವನ್ನು ಐದು ವರ್ಷ ಬಿಟ್ಟು ಮಾಡೋಣ ಅಂದ್ರೆ ಕೇಳೋಕೆ ಜನ ಇರ್ತಾರೆ ಅನ್ನೋ ಖಾತ್ರಿ ಇಲ್ಲ.

ಟೇಬಲ್ ಹಾಕುವ ರೀತಿಯಲ್ಲೂ ಒಂದು ಸೂಕ್ಷ್ಮ ಇದೆ. 'ಗಾಯಕರು, ಪಿಟೀಲು, ಮೃದಂಗ, ಘಟ' ಅಂತ ನಾಲ್ಕು ಕಾಲಂ ಮಾಡಿಬಿಟ್ಟರೆ ಮೊದಲ ವಾರ ಚೆನ್ನಾಗೇ ಇರುತ್ತೆ. ವೀಣೆ-ವೇಣು-ಪಿಟೀಲು ಮೂರೂ ಸೇರಿದ ಕಛೇರಿ ಬಂದ ದಿನ ಕೆಟ್ಟಿತು. ಎಷ್ಟೋ ಕಡೆ ಮೋರ್ಸಿಂಗ್‌ನವರು, ತಂಬೂರಿ ಮೀಟಿದವರು ದಾಖಲೆಯಲ್ಲಿ ಇಲ್ಲವೇ ಇಲ್ಲ, ಅವರಿಗೆ ಕಾಲಂ ಇರಲಿಲ್ಲ ಅನ್ನೋದೇ ಕಾರಣ. ಕಛೇರಿ ಒಂದು ಕಡೆ, ವ್ಯಕ್ತಿ ಒಂದು ಕಡೆ, ನಡುವೆ 'ಈ ಕಛೇರಿಯಲ್ಲಿ ಈ ವ್ಯಕ್ತಿಯ ಪಾತ್ರ ಇದು' ಅಂತ ಹೇಳುವ ಮೂರನೇ ಪಟ್ಟಿ. ಹೀಗೆ ಮಾಡಿದರೆ ವೇದಿಕೆ ಮೇಲೆ ಎಷ್ಟು ಜನ ಇದ್ದರೂ ಎಲ್ಲರಿಗೂ ಜಾಗ ಇದೆ. ಆಮಂತ್ರಣದಲ್ಲಿ ಅಚ್ಚಾದವರು ಬೇರೆ, ಕೊನೇ ಗಳಿಗೆಯಲ್ಲಿ ಬಂದು ನುಡಿಸಿದವರು ಬೇರೆ ಆಗಿದ್ದರೆ ಅದನ್ನೂ ಬರೆದಿಡಬಹುದು.

ಇನ್ನು ಕನ್ನಡದ್ದೇ ಒಂದು ತೊಡಕು. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಫಾಂಟ್ ಆಧಾರದ ಮೇಲೆ ಟೈಪ್ ಮಾಡಿದ ಆಮಂತ್ರಣ ಪತ್ರಿಕೆಗಳು ಇವತ್ತು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ. ಯೂನಿಕೋಡ್‌ಗೆ ಪರಿವರ್ತಿಸೋಕೆ ಉಚಿತ ಸಾಧನಗಳಿವೆ. ಆದರೆ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೈಕೊಡುತ್ತೆ, ಸಾಲುಸಾಲಾಗಿ ಕಣ್ಣಾಡಿಸಲೇಬೇಕು. ಕಾಗದದ ಮೇಲಿರುವ 1960ರ ದಶಕದ ಪತ್ರಿಕೆಯನ್ನು ಓದೋಕೆ ಆಗುತ್ತೆ, 1998ರ ಫ್ಲಾಪಿಯಲ್ಲಿರೋದನ್ನು ಓದೋಕೆ ಆಗಲ್ಲ.

ಕಾಯ್ದೆ ಯಾರನ್ನು ನೆನೆದು ಬರೆದದ್ದು?

ಈಗ ಖಾಸಗಿ ರಾಶಿಗೆ ಬರೋಣ. 80ಜಿ ಮಾನ್ಯತೆ ಇರುವ ಸಭೆಗಳು ದಾನಿಗಳ ಗುರುತಿನ ವಿವರ ಸಂಗ್ರಹಿಸೋದು ತಮ್ಮ ಖುಷಿಗಲ್ಲ. 2021-22ರ ಹಣಕಾಸು ವರ್ಷದಿಂದ ದೇಣಿಗೆಯ ವಿವರವನ್ನು 10ಬಿಡಿ ನಮೂನೆಯಲ್ಲಿ ಆದಾಯ ತೆರಿಗೆ ಇಲಾಖೆಗೆ ಸಲ್ಲಿಸುವ ವ್ಯವಸ್ಥೆ ಬಂತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ಅಲ್ಲಿಂದ ಆಚೆಗೆ ಐನೂರು ರೂಪಾಯಿ ಕೊಟ್ಟವರಿಂದಲೂ ಪ್ಯಾನ್ ಕೇಳೋದು ಶುರುವಾಯಿತು. ಜನ ಕಾರ್ಡಿನ ಫೋಟೊ ತೆಗೆದು ಕಾರ್ಯದರ್ಶಿಯ ವಾಟ್ಸ್ಆ್ಯಪ್‌ಗೆ ಕಳಿಸ್ತಾರೆ. ಅದು ಅವರ ಫೋನ್ ಗ್ಯಾಲರಿಯಲ್ಲಿ ಮೊಮ್ಮಗಳ ಹುಟ್ಟುಹಬ್ಬದ ಚಿತ್ರಗಳ ಪಕ್ಕ ಕೂರುತ್ತೆ. ಫೋನು ರಿಪೇರಿಗೆ ಹೋದರೆ ಅದೂ ಜೊತೆಗೇ ಹೋಗುತ್ತೆ.

ಹೊಸ ಕಾಯ್ದೆ ಈ ಫೋನನ್ನೂ ನೋಡುತ್ತೆ. ಕಾಗದದ ರಿಜಿಸ್ಟರ್‌ನಲ್ಲಿ ಇರುವ ತನಕ ಮಾಹಿತಿಗೆ ಈ ಕಾಯ್ದೆ ಅನ್ವಯಿಸಲ್ಲ. ಅದನ್ನು ಟೈಪ್ ಮಾಡಿದ, ಸ್ಕ್ಯಾನ್ ಮಾಡಿದ ಕ್ಷಣದಿಂದ ಅನ್ವಯಿಸುತ್ತೆ. ಲಾಭಕ್ಕಾಗಿ ದುಡಿಯುವ ಸಂಸ್ಥೆ, ಸೇವೆಗಾಗಿ ಇರುವ ಸಂಸ್ಥೆ ಅನ್ನೋ ಭೇದ ಇದರಲ್ಲಿಲ್ಲ. ಮಾಹಿತಿ ಯಾಕೆ ಬೇಕು ಅಂತ ಮೊದಲೇ ಸ್ಪಷ್ಟವಾಗಿ ತಿಳಿಸಬೇಕು. ಆ ಸೂಚನೆಯನ್ನು ಇಂಗ್ಲಿಷ್‌ನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಭಾಷೆಗಳಲ್ಲಿ, ಅಂದ್ರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಿ ಅಂತ ಹೇಳಿರದಿದ್ದರೆ, ಅಳಿಸಬೇಕು. ಮಾಹಿತಿ ಸೋರಿಕೆಯಾದರೆ ಸಂಬಂಧಪಟ್ಟ ಪ್ರತಿಯೊಬ್ಬರಿಗೂ ಹೇಳಬೇಕು, ದತ್ತಾಂಶ ಸಂರಕ್ಷಣಾ ಮಂಡಳಿಗೆ 72 ಗಂಟೆಯೊಳಗೆ ವಿವರವಾದ ವರದಿ ಕೊಡಬೇಕು. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು. ಮಕ್ಕಳ ಸ್ಪರ್ಧೆ ನಡೆಸಿ ಗೆದ್ದವರ ಫೋಟೊ, ವಯಸ್ಸು, ಶಾಲೆ ಹೆಸರನ್ನು ಫೇಸ್‌ಬುಕ್‌ಗೆ ಹಾಕುವ ಸಭೆಗಳು ಇದನ್ನು ಎರಡು ಸಲ ಓದಬೇಕು. ಮಾಹಿತಿ ಕಾಪಾಡೋದರಲ್ಲಿ ವಿಫಲವಾದರೆ ದಂಡದ ಗರಿಷ್ಠ ಮಿತಿ 250 ಕೋಟಿ ರೂಪಾಯಿ.

ವಾರ್ಷಿಕ ಬಜೆಟ್ಟು ಕೆಲವು ಲಕ್ಷ ಇರುವ ಸಭೆಯ ಮೇಲೆ ಯಾರೂ 250 ಕೋಟಿ ದಂಡ ಹಾಕಲ್ಲ. ಹಾಕುವ ಮುನ್ನ ತಪ್ಪಿನ ಗಾತ್ರ, ಪರಿಣಾಮ ಎಲ್ಲವನ್ನೂ ಮಂಡಳಿ ನೋಡಬೇಕು ಅಂತ ಕಾಯ್ದೆಯಲ್ಲೇ ಇದೆ. ನನ್ನ ಆತಂಕ ಬೇರೆ. ಇಂಥ ಕಾಯ್ದೆಯ ಹೆಸರು ಕೇಳಿ ಹೆದರಿದ ಸಮಿತಿ ಏನು ಮಾಡುತ್ತೆ? ಒಂದೋ ಕಣ್ಣು ಮುಚ್ಚಿ ಎಲ್ಲವನ್ನೂ ಹಾಗೇ ಬಿಡುತ್ತೆ, ಇಲ್ಲಾ 'ಯಾಕೆ ತಲೆನೋವು' ಅಂತ ಎಲ್ಲವನ್ನೂ ಅಳಿಸುತ್ತೆ. ಮೊದಲನೆಯದರಲ್ಲಿ ದಾನಿಗಳ ಖಾಸಗಿತನ ಹೋಯಿತು. ಎರಡನೆಯದರಲ್ಲಿ ಐವತ್ತು ವರ್ಷದ ಸಂಗೀತ ಚರಿತ್ರೆ ಹೋಯಿತು.

ಗಮನಿಸಬೇಕಾದ ವಿಷಯ ಅಂದ್ರೆ, ಎರಡನೆಯದನ್ನು ಕಾಯ್ದೆ ಬಯಸಿಯೇ ಇಲ್ಲ. ಸಂಶೋಧನೆ, ಅಂಕಿಅಂಶ ಮತ್ತು ದಾಖಲೀಕರಣದ ಉದ್ದೇಶಕ್ಕೆ, ನಿಗದಿತ ಮಾನದಂಡ ಪಾಲಿಸಿದರೆ ವಿನಾಯಿತಿ ಇದೆ, ಆ ಮಾಹಿತಿ ಬಳಸಿ ನಿರ್ದಿಷ್ಟ ವ್ಯಕ್ತಿಯ ಬಗ್ಗೆ ತೀರ್ಮಾನ ತೆಗೆದುಕೊಳ್ಳದಿದ್ದರಾಯಿತು. ಅಂದ್ರೆ ಕಾಯ್ದೆಯೂ ಹೇಳ್ತಿರೋದು ಅದೇ ಗೋಡೆಯ ಮಾತು. ಆದರೆ ಒಂದೇ ಎಕ್ಸೆಲ್ ಫೈಲಿನಲ್ಲಿ ಕಲಾವಿದರ ಕೃತಿಪಟ್ಟಿಯೂ ಅವರ ಖಾತೆ ನಂಬರೂ ಒಟ್ಟಿಗಿದ್ದರೆ ಈ ವಿನಾಯಿತಿ ಪಡೆಯೋದು ಹೇಗೆ?

ಇನ್ನೊಂದು ಮಾತು. ಮಾಹಿತಿಯ ಪ್ರಮಾಣ, ಸ್ವರೂಪ ನೋಡಿ ಕೆಲವು ವರ್ಗಗಳಿಗೆ ಕೆಲವು ಷರತ್ತುಗಳಿಂದ ರಿಯಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಸರ್ಕಾರ ಇಟ್ಟುಕೊಂಡಿದೆ. ಆ ಸೆಕ್ಷನ್‌ನಲ್ಲಿ ಸ್ಟಾರ್ಟಪ್‌ಗಳ ಹೆಸರು ಇದೆ. ಸಂಘ-ಸಂಸ್ಥೆಗಳ ಹೆಸರಿಲ್ಲ. ಯಾರನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದರು ಅನ್ನೋದು ಇದರಲ್ಲೇ ಗೊತ್ತಾಗುತ್ತೆ. ಸರ್ಕಾರಕ್ಕೆ ಮನಸ್ಸಿದ್ದರೆ ಸಂಬಳದ ನೌಕರರೇ ಇಲ್ಲದ ಸಣ್ಣ ಸಂಸ್ಥೆಗಳನ್ನೂ ಇದರಡಿ ತರಬಹುದು. ಭದ್ರತೆಯ ಹೊಣೆಯಿಂದ ಬಿಡುಗಡೆ ಬೇಡ, ಅದು ಎಲ್ಲರಿಗೂ ಇರಲಿ. ಕಾಗದಪತ್ರದ ಹೊರೆ ಮಾತ್ರ ಕಡಿಮೆಯಾಗಲಿ.

ತೆರೆದಿಟ್ಟವರೂ ಇದ್ದಾರೆ

ಕಛೇರಿಗಳ ಪಟ್ಟಿಯನ್ನು ತೆರೆದಿಟ್ಟು ಆಗೋದೇನು ಅಂತ ಸಮಿತಿಯಲ್ಲಿ ಒಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರಕ್ಕೆ ಸ್ವಲ್ಪ ಹೊರಗೆ ನೋಡಬೇಕು. ಅಮೆರಿಕದ ನ್ಯೂಯಾರ್ಕ್ ಫಿಲ್ಹಾರ್ಮೊನಿಕ್ ವಾದ್ಯವೃಂದವೂ ಲಾಭರಹಿತ ಸಂಸ್ಥೆಯೇ. 1842ರಿಂದ ತಾನು ನಡೆಸಿದ ಕಛೇರಿಗಳ ವಿವರವನ್ನು, ಯಾವ ಕೃತಿ, ಯಾವ ನಿರ್ದೇಶಕರು, ಯಾವ ಕಲಾವಿದರು ಅನ್ನೋದರ ಸಮೇತ, ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇಟ್ಟಿದೆ. ಅದೇ ನಗರದ ಕಾರ್ನೆಗಿ ಹಾಲ್ 1891ರಿಂದ ನಡೆದ ಕಾರ್ಯಕ್ರಮಗಳ ಮಾಹಿತಿಯನ್ನು ಹೀಗೇ ಮುಕ್ತವಾಗಿ ಕೊಟ್ಟಿದೆ. ಬ್ರಿಟನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿಗಳನ್ನು 1895ರಿಂದ ಈಚೆಗೆ ಹುಡುಕಿ ನೋಡಬಹುದು. ಯಾವ ಸಂಯೋಜಕರನ್ನು ಯಾವ ಕಾಲ ಮರೆಯಿತು, ಯಾರನ್ನು ಮತ್ತೆ ನೆನೆಯಿತು ಅಂತ ವಿದ್ಯಾರ್ಥಿಗಳು ಮನೆಯಲ್ಲೇ ಕೂತು ಅಧ್ಯಯನ ಮಾಡಬಹುದು.

ಅವರ ದುಡ್ಡು ನಮ್ಮಲ್ಲಿಲ್ಲ, ನಿಜ. ಆದರೆ ನಮ್ಮಲ್ಲಿ ಇತಿಹಾಸಕ್ಕೇನೂ ಬರ ಇಲ್ಲ. ಬೆಂಗಳೂರು ಗಾಯನ ಸಮಾಜ ಶುರುವಾದದ್ದು 1905ರಲ್ಲಿ. ಚಾಮರಾಜಪೇಟೆಯ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸಿಕೊಂಡು ಬಂದಿದೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿನಲ್ಲಿ ಅಹೋರಾತ್ರಿ ಹಾಡಿದವರು, ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಬೆಳಗಿನ ಜಾವದ ರಾಗಗಳನ್ನು ಎತ್ತಿಕೊಂಡವರು ಎಷ್ಟು ಜನ! ದೊಡ್ಡ ಹೆಸರುಗಳು ಹೇಗಾದರೂ ಉಳಿಯುತ್ತವೆ. ಊರೂರಿನ ಗಣೇಶೋತ್ಸವ, ಮಠ, ರಾಮಮಂದಿರಗಳಲ್ಲಿ ನಲವತ್ತು ವರ್ಷ ನುಡಿಸಿದ ತಬಲಾದವರು, ಹಾರ್ಮೋನಿಯಂನವರು, ಘಟದವರು ಉಳಿಯೋದು ಇಂಥ ಪಟ್ಟಿಯಲ್ಲಿ ಮಾತ್ರ.

ಪಟ್ಟಿ ಕನ್ನಡಿಯೂ ಹೌದು

ಕಛೇರಿ, ವ್ಯಕ್ತಿ, ಪಾತ್ರ ಅಂತ ಜೋಡಿಸಿದ ಮೇಲೆ ಕೆಲವು ಪ್ರಶ್ನೆಗಳನ್ನು ಒಂದು ಸಾಲಿನಲ್ಲಿ ಕೇಳಬಹುದು. ಹತ್ತು ವರ್ಷದಲ್ಲಿ ನಮ್ಮ ವೇದಿಕೆಯಲ್ಲಿ ಮೃದಂಗ ನುಡಿಸಿದ ಮಹಿಳೆಯರು ಎಷ್ಟು? ಒಂದೇ ನಾಲ್ಕು ಪಕ್ಕವಾದ್ಯದವರನ್ನೇ ಮತ್ತೆ ಮತ್ತೆ ಕರೆದಿದ್ದೇವಾ? ಮುಖ್ಯ ಕಲಾವಿದರಿಗೂ ಪಕ್ಕವಾದ್ಯದವರಿಗೂ ಸಂಭಾವನೆಯ ಅಂತರ ಎಷ್ಟು? ಜಿಲ್ಲೆಗಳಿಂದ ಬಂದ ಹೊಸಬರೆಷ್ಟು? ನಾವು ಮೊದಲನೇ ಪ್ರಶ್ನೆಯ ಉತ್ತರವನ್ನು ಪರದೆ ಮೇಲೆ ತೋರಿಸಿದಾಗ ಸಮಿತಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಖಜಾಂಚಿಯಮ್ಮ "ಇದನ್ನ ನಾನು ಹತ್ತು ವರ್ಷದಿಂದ ಹೇಳ್ತಾ ಇದೀನಿ, ನೀವ್ಯಾರೂ ನಂಬ್ಲಿಲ್ಲ" ಅಂದ್ರು.

ಶಾಸ್ತ್ರೀಯ ಸಂಗೀತದ ವೇದಿಕೆ ಯಾರದು, ಜಾತಿ-ಲಿಂಗದ ಗೋಡೆಗಳು ಅಲ್ಲಿ ಹೇಗೆ ಕೆಲಸ ಮಾಡುತ್ತವೆ ಅನ್ನೋ ಚರ್ಚೆ ಈಗ ದಶಕದಿಂದ ಬಿಸಿಯಾಗೇ ಇದೆ. ಆ ಚರ್ಚೆ ಬಹುಪಾಲು ಅನುಭವ ಮತ್ತು ಆರೋಪಗಳ ಮೇಲೆ ನಿಂತಿದೆ. 'ಎಲ್ಲಿದೆ ಪುರಾವೆ' ಅಂತ ಒಂದು ಕಡೆಯವರು, 'ಕಣ್ಣಿಗೆ ಕಾಣಲ್ವಾ' ಅಂತ ಇನ್ನೊಂದು ಕಡೆಯವರು. ಐವತ್ತು ಸಭೆಗಳ ವೇದಿಕೆ ದಾಖಲೆ ತೆರೆದಿದ್ದರೆ ಈ ವಾದ ಹೆಚ್ಚು ಪ್ರಾಮಾಣಿಕವಾಗಿರುತ್ತಿತ್ತು. ಸಭೆಗಳು ಪಟ್ಟಿ ತೆರೆಯೋಕೆ ಹಿಂಜರಿಯೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ಆದರೆ ಸಾರ್ವಜನಿಕರ ದೇಣಿಗೆ, ತೆರಿಗೆ ರಿಯಾಯಿತಿ, ಸರ್ಕಾರದ ಅನುದಾನ ಪಡೆದ ವೇದಿಕೆಗೆ ಯಾರನ್ನು ಕರೆದಿರಿ ಅಂತ ಕೇಳುವ ಹಕ್ಕು ಸಾರ್ವಜನಿಕರಿಗೆ ಇರಬೇಕಲ್ವಾ?

ಕಟ್ಟೋದು ಸುಲಭ, ಸಾಕೋದು ಕಷ್ಟ

ಇನ್ನು ತಂತ್ರಜ್ಞರ ಕಡೆಗೆ ಒಂದು ಮಾತು. ಸಭೆಗೆ ಆ್ಯಪ್ ಕಟ್ಟಿಕೊಡುವ ಹುಡುಗ ಹುಡುಗಿಯರಿಗೆ ಬೆಂಗಳೂರಲ್ಲಿ ಬರವಿಲ್ಲ. ಶನಿವಾರ-ಭಾನುವಾರ ಕೂತರೆ ಎರಡು ತಿಂಗಳ ಕೆಲಸ. ತೊಂದರೆ ಶುರುವಾಗೋದು ಮೂರನೇ ವರ್ಷ. ಕಟ್ಟಿದವರು ಕೆಲಸ ಬದಲಿಸ್ತಾರೆ, ಊರು ಬಿಡ್ತಾರೆ. ಡೊಮೈನ್ ಅವರ ಹೆಸರಲ್ಲಿ, ಸರ್ವರ್ ಬಿಲ್ಲು ಅವರ ಕಾರ್ಡಿನಲ್ಲಿ, ಓಟಿಪಿ ಅವರ ಫೋನಿಗೆ. ಕಾರ್ಡ್ ಅವಧಿ ಮುಗಿದ ದಿನ ಐವತ್ತು ವರ್ಷದ ಪಟ್ಟಿ ಮಾಯ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿದ್ದರೆ ಕನಿಷ್ಠ ಗೆದ್ದಲು ಹಿಡಿಯೋಕೆ ವರ್ಷಗಳಾದರೂ ಬೇಕಿತ್ತು.

ಹಾಗಾಗಿ ಯಾವ ಸಭೆಯಾದರೂ ಆ್ಯಪ್ ಮಾಡಿಸುವ ಮುನ್ನ ಕೆಲವು ಷರತ್ತು ಹಾಕಲಿ. ಡೊಮೈನ್, ಇಮೇಲ್, ಸರ್ವರ್ ಮೂರೂ ಸಭೆಯ ಹೆಸರಲ್ಲಿರಲಿ, ಪಾಸ್‌ವರ್ಡ್ ಇಬ್ಬರು ಪದಾಧಿಕಾರಿಗಳ ಬಳಿ ಇರಲಿ. ಇಡೀ ದಾಖಲೆಯನ್ನು ಸಾಧಾರಣ ಸಿಎಸ್‌ವಿ ಫೈಲಾಗಿ ಇಳಿಸಿಕೊಳ್ಳುವ ಬಟನ್ ಮೊದಲ ದಿನದಿಂದಲೇ ಇರಲಿ, ಆ್ಯಪ್ ಸತ್ತರೂ ಡೇಟಾ ಬದುಕಬೇಕು. ದಾನಿಗಳ ಪುಟ ಖಜಾಂಚಿಗೆ ಮಾತ್ರ ಕಾಣಲಿ, ಸಂಭಾವನೆಯ ಪುಟ ಪದಾಧಿಕಾರಿಗಳಿಗೆ ಮಾತ್ರ. ಪ್ಯಾನ್ ನಂಬರ್ ಸಾಕು, ಕಾರ್ಡಿನ ಫೋಟೊ ಬೇಡ. ಆಧಾರ್ ಪ್ರತಿಯಂತೂ ಬೇಡವೇ ಬೇಡ. ಸ್ಪರ್ಧೆ ಮುಗಿದು ಪ್ರಮಾಣಪತ್ರ ಹಂಚಿದ ಮೇಲೆ ಮಕ್ಕಳ ವಿವರ ಯಾವ ತಿಂಗಳು ಅಳಿಸ್ತೀರಿ ಅಂತ ಮೊದಲೇ ಬರೆದಿಡಿ. ಕಾರ್ಯದರ್ಶಿ ಬದಲಾದಾಗ ಹಳೆಯ ಲಾಗಿನ್ ಅದೇ ದಿನ ಮುಚ್ಚಲಿ, ಕೀಲಿಕೈ ಹಸ್ತಾಂತರಿಸಿದ ಹಾಗೆ ಸಭಾ ನಡಾವಳಿಯಲ್ಲಿ ಬರೆಯಲಿ. ಹೊಸದಾಗಿ ಕಟ್ಟಲೇಬೇಕು ಅಂತೇನೂ ಇಲ್ಲ, ಲಾಭರಹಿತ ಸಂಸ್ಥೆಗಳಿಗೆಂದೇ ಇರುವ ಸಿವಿಸಿಆರ್‌ಎಂನಂಥ ಮುಕ್ತ ತಂತ್ರಾಂಶ ಸದಸ್ಯತ್ವ, ದೇಣಿಗೆಗೆ ಸಾಕಾಗುತ್ತೆ. ಕಛೇರಿ ದಾಖಲೆಗೆ ಮಾತ್ರ ನಮ್ಮದೇ ಬೇಕು.

ಆ 'ನಮ್ಮದೇ' ಅನ್ನೋದನ್ನು ಪ್ರತಿ ಸಭೆಯೂ ಬೇರೆಬೇರೆಯಾಗಿ ಕಟ್ಟಿಕೊಳ್ಳೋದು ದಂಡ. ಇಲ್ಲಿ ರಾಜ್ಯಕ್ಕೆ ಕೆಲಸ ಇದೆ. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಸಂಘ-ಸಂಸ್ಥೆಗಳಿಗೆ ಧನಸಹಾಯ ಕೊಡುತ್ತೆ. ಆಮಂತ್ರಣ ಪತ್ರಿಕೆ, ಫೋಟೊ, ಖರ್ಚಿನ ಲೆಕ್ಕ ಇಲಾಖೆಯ ಕಡತ ಸೇರಿ ಅಲ್ಲೇ ಉಳಿಯುತ್ತವೆ. ಅದರ ಜೊತೆಗೆ ಯಾರು, ಯಾವ ವಾದ್ಯ, ಯಾವ ದಿನ ಅನ್ನುವ ಒಂದು ಪುಟವನ್ನು ನಿಗದಿತ ನಮೂನೆಯಲ್ಲಿ ಪಡೆದು ಸಾರ್ವಜನಿಕವಾಗಿ ಪ್ರಕಟಿಸಬಹುದು. ಕರ್ನಾಟಕ ಸಂಗೀತ ನೃತ್ಯ ಅಕಾಡೆಮಿ ಕಲಾವಿದರ ಹೆಸರು, ರಾಗ, ವಾದ್ಯಗಳ ಒಂದು ಸಾಮಾನ್ಯ ಪಟ್ಟಿಯನ್ನು ಯೂನಿಕೋಡ್‌ನಲ್ಲಿ ಕೊಟ್ಟರೆ ಎಲ್ಲ ಸಭೆಗಳೂ ಅದನ್ನೇ ಬಳಸಬಹುದು. ಇದಕ್ಕೆ ದೊಡ್ಡ ಟೆಂಡರು, ಕನ್ಸಲ್ಟೆಂಟು, ಉದ್ಘಾಟನಾ ಸಮಾರಂಭ ಏನೂ ಬೇಡ. ಧನಸಹಾಯದಲ್ಲಿ ದಾಖಲೀಕರಣಕ್ಕೂ ಖರ್ಚು ಮಾಡಬಹುದು ಅಂತ ಒಂದು ಸಾಲು ಸೇರಿಸಿದರೂ ಹತ್ತಾರು ಪೆಟ್ಟಿಗೆಗಳು ಅಟ್ಟದಿಂದ ಕೆಳಗಿಳಿಯುತ್ತವೆ.

2027ರ ಮೇ ಒಳಗೆ ಸಭೆಗಳು ಎರಡು ಕೆಲಸ ಮುಗಿಸಿಕೊಳ್ಳಬೇಕು. ಫೋನುಗಳಲ್ಲಿರುವ ಪ್ಯಾನ್ ಕಾರ್ಡುಗಳನ್ನು ಅಳಿಸಬೇಕು, ಅಟ್ಟದ ಮೇಲಿನ ರಿಜಿಸ್ಟರುಗಳನ್ನು ಟೈಪ್ ಮಾಡಬೇಕು. ಮೊದಲನೆಯದಕ್ಕೆ ಕಾಯ್ದೆಯ ಭಯ ಇದೆ, ಆದೀತು. ಎರಡನೆಯದಕ್ಕೆ ಯಾವ ಕಾಯ್ದೆಯೂ ಇಲ್ಲ, ಗಡುವೂ ಇಲ್ಲ. ಮನೆ ಖಾಲಿ ಮಾಡುವಾಗ ಗುಜರಿಯವರು ಕಾಗದವನ್ನು ಕೆಜಿ ಲೆಕ್ಕದಲ್ಲಿ ತೂಗುತ್ತಾರೆ. ಅದರಲ್ಲಿ ಯಾರ ಹೆಸರಿತ್ತು ಅಂತ ನೋಡಲ್ಲ.